ನ್ಯಾನೋ ಪುಡಿ ನೀರಿಗೆ ಹಾಕಿ ಬಿಸಿಲಿಗಿಟ್ಟರೆ ಅಡುಗೆಗೆ ಹೈಡ್ರೋಜನ್ ಸಿಗುತ್ತದಾ?

ಹೈಡ್ರೋಜನ್ ಬಂದರೂ ತೀರಾ ಕಮ್ಮಿ, ಅಡುಗೆಗೆ ಸಾಲುವುದಿಲ್ಲ. ನೀವು ಕೇಳಿದ ನ್ಯಾನೋ ಪುಡಿ, ಅಂದರೆ ಟೈಟಾನಿಯಂ ಡಯಾಕ್ಸೈಡ್, ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದನ್ನು ಟೆರೇಸ್ ಮೇಲೆ ಡ್ರಮ್ಮಿಗೆ ಹಾಕಿಟ್ಟು ಸಿಲಿಂಡರ್ ಬಿಡುವ ಆಸೆ ಬೇಡ. ನನ್ನ ಪಿಎಚ್‌ಡಿ ಇದೇ ವಿಷಯದಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಇದೇ ವಸ್ತುವಿನ ಎಲೆಕ್ಟ್ರೋಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದರು. ತೊಂದರೆ ಏನೆಂದರೆ ಅದು ಹೀರುವುದು ನೇರಳಾತೀತ ಕಿರಣವನ್ನು ಮಾತ್ರ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು. ಉಳಿದ ಬೆಳಕೆಲ್ಲ ಸುಮ್ನೆ ಹೋಯಿತು. ಕ್ಯಾಡ್ಮಿಯಂ ಸಲ್ಫೈಡ್ ಎಂಬ ಇನ್ನೊಂದು ಪುಡಿ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತದೆ, ಆದರೆ ಬೆಳಕು ಬೀಳುತ್ತಾ ಬೀಳುತ್ತಾ ತಾನೇ ಕರಗಿ ಹಾಳಾಗುತ್ತದೆ.

ನ್ಯಾನೋ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಯಾಕೆ ಬೇಕು ಅಂದರೆ, ಬೆಳಕು ಬಿದ್ದಾಗ ಕಣದೊಳಗೆ ಒಂದು ಎಲೆಕ್ಟ್ರಾನ್ ಮೇಲೇಳುತ್ತದೆ, ಅದು ಬಿಟ್ಟ ಜಾಗದಲ್ಲಿ ಹೋಲ್ ಉಳಿಯುತ್ತದೆ, ಇವೆರಡೂ ಮೇಲ್ಮೈವರೆಗೆ ತಲುಪಿದರೆ ಮಾತ್ರ ಎಲೆಕ್ಟ್ರಾನ್ ಹೈಡ್ರೋಜನ್ ಮಾಡುತ್ತದೆ, ಹೋಲ್ ಆಕ್ಸಿಜನ್. ಎಷ್ಟೋ ಸಲ ದಾರಿಯಲ್ಲೇ ಮತ್ತೆ ಕೂಡಿ ಶಕ್ತಿಯೆಲ್ಲ ಬಿಸಿಯಾಗಿ ಮುಗಿಯುತ್ತದೆ. ಕಣ ಸಣ್ಣದಾದರೆ ದಾರಿ ಚಿಕ್ಕದು, ಮೇಲ್ಮೈ ಜಾಸ್ತಿ.

ಸಂಶೋಧನಾ ಪೇಪರುಗಳಲ್ಲಿ ದೊಡ್ಡ ದೊಡ್ಡ ಅಂಕಿ ಕಂಡರೆ ಮೊದಲು ನೀರಿಗೆ ಏನು ಬೆರೆಸಿದ್ದಾರೆ ನೋಡಿ. ಮೆಥನಾಲ್ ಅಥವಾ ಸೋಡಿಯಂ ಸಲ್ಫೈಡ್ ಹಾಕಿದ್ದರೆ ಹೋಲ್‌ಗಳನ್ನೆಲ್ಲ ಅವೇ ತಿಂದು ಹಾಕುತ್ತವೆ, ಆಕ್ಸಿಜನ್ ಮಾಡುವ ಕಷ್ಟದ ಕೆಲಸ ನಡೆಯುವುದೇ ಇಲ್ಲ. ಅದನ್ನು ನೀರು ಒಡೆದದ್ದು ಅಂತ ನಾನು ಒಪ್ಪುವುದಿಲ್ಲ.

ಏನೂ ಬೆರೆಸದ ನೀರಲ್ಲಿ, ಬಯಲಿನ ಬಿಸಿಲಲ್ಲಿ, ದೊಡ್ಡದಾಗಿ ಮಾಡಿ ತೋರಿಸಿದ್ದು ಟೋಕಿಯೋದ ಕಝುನಾರಿ ಡೋಮೆನ್ ಅವರ ಗುಂಪು. ಅಲ್ಯೂಮಿನಿಯಂ ಬೆರೆಸಿದ ಸ್ಟ್ರಾಂಷಿಯಂ ಟೈಟನೇಟ್ ಎಂಬ ಪುಡಿ ಹಾಕಿ 100 ಚದರ ಮೀಟರಿನ ಪ್ಯಾನೆಲ್ ಮಾಡಿದ್ದರು, 2021ರಲ್ಲಿ ಪ್ರಕಟವಾಯಿತು. ಹೆಚ್ಚೆಂದರೆ 0.76% ಬಿಸಿಲು ಹೈಡ್ರೋಜನ್ ಆಯಿತು. 100 ಚದರ ಮೀಟರ್ ಅಂದರೆ ನಮ್ಮ 30x40 ಸೈಟಿಗಿಂತ ಸ್ವಲ್ಪವೇ ಕಮ್ಮಿ. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್) ಬಿಸಿಲು ಅಂತ ಹಿಡಿದರೆ ದಿನಕ್ಕೆ 4 ಯೂನಿಟ್ಟಿನಷ್ಟೂ ಹೈಡ್ರೋಜನ್ ಬರುವುದಿಲ್ಲ. 14.2 ಕೆಜಿ ಸಿಲಿಂಡರಿನಲ್ಲಿ ಇರುವುದು ಸುಮಾರು 180 ಯೂನಿಟ್. ಇಡೀ ಸೈಟು ಮುಚ್ಚಿದರೂ ಒಂದು ಸಿಲಿಂಡರಿಗೆ ಒಂದೂವರೆ ತಿಂಗಳು ಬೇಕಲ್ವಾ? ಅಷ್ಟೇ ಜಾಗಕ್ಕೆ ಮಾಮೂಲಿ ಸೋಲಾರ್ ಪ್ಯಾನೆಲ್ ಹಾಕಿ ಆ ಕರೆಂಟಿನಿಂದ ನೀರು ಒಡೆದರೆ ಮೂರು ದಿನ ಸಾಕು. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು 9.2% ಮುಟ್ಟಿದರು, ಆದರೆ ಅದು ಬೆಳಕನ್ನು ಒಟ್ಟುಗೂಡಿಸಿ ಚಿಕ್ಕ ಸೆಮಿಕಂಡಕ್ಟರ್ ಚಿಪ್ ಮೇಲೆ ಬಿಟ್ಟು.

ಇನ್ನೊಂದು ವಿಷಯ, ಪುಡಿಯಿಂದ ಹೈಡ್ರೋಜನ್ ಮತ್ತು ಆಕ್ಸಿಜನ್ ಬೆರೆತೇ ಮೇಲೆ ಬರುತ್ತವೆ. ಒಂದು ಕಿಡಿ ಸಾಕು, ಸಿಡಿಯುತ್ತದೆ. ಮನೆಯಲ್ಲಿ ಖಂಡಿತ ಹಿಡಿದಿಡಬೇಡಿ. ಕಾಲೇಜು ಪ್ರಾಜೆಕ್ಟ್ ಬೇಕಿದ್ದರೆ ಅದೇ ಪುಡಿಯನ್ನು ಮಿಥಿಲೀನ್ ಬ್ಲೂ ಬಣ್ಣದ ನೀರಿಗೆ ಹಾಕಿ ಬಿಸಿಲಿಗಿಡಿ, ಪುಡಿ ಹಾಕದ ಇನ್ನೊಂದು ಲೋಟವನ್ನೂ ಪಕ್ಕದಲ್ಲಿಡಿ, ಯಾವುದರ ನೀಲಿ ಬೇಗ ಹೋಗುತ್ತದೆ ನೋಡಿ.