ಅಂಟಿಕೊಳ್ಳುತ್ತದೆ, ಸರಿ. ಆದರೆ ಹೇಗೆ?

ನಮಸ್ಕಾರ,

ಷಿಫ್ ಬೇಸ್ ಲೋಹ ಸಂಕೀರ್ಣಗಳು ಡಿಎನ್‌ಎ ಜೊತೆ ಬೆಸೆಯುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಹಾಗಂತ ಪಕ್ಕಕ್ಕಿಡಲೂ ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ಡಿಎನ್‌ಎಯ ಮಹಿಮೆಗೇ ಹೋಗಿದೆ. ತೆಗೆದುಬಿಡಿ. ಮೂರನೇ ಪುಟದಲ್ಲಿ ಅಮೈನ್, ಆಲ್ಡಿಹೈಡ್ ಎಂಬ ಎರಡು ಬಗೆಯ ಸಂಯುಕ್ತಗಳು ಕೂಡಿ, ಒಂದು ನೀರಿನ ಅಣು ಹೊರಬಿದ್ದು, ಇಂಗಾಲ–ಸಾರಜನಕದ ಜೋಡಿಬಂಧವಿರುವ ಷಿಫ್ ಬೇಸ್ ಉಳಿಯುತ್ತದಲ್ಲ, ಲೇಖನ ಶುರುವಾಗಬೇಕಾದ್ದು ಅಲ್ಲಿ. 1864ರಲ್ಲಿ ಹ್ಯೂಗೋ ಷಿಫ್ ವರ್ಣಿಸಿದ ಆ ಬಂಧದ ಸಾರಜನಕ ಲೋಹದ ಅಯಾನನ್ನು ಹಿಡಿಯುವ ಬಗೆಯನ್ನು ಸೊಗಸಾಗಿ ಬರೆದಿದ್ದೀರಿ. ಆ ಪ್ಯಾರಾ ಮುಟ್ಟಬೇಡಿ. ಆದರೆ ಷಿಫ್ ಬೇಸಿಗೂ ‘ಪ್ರತ್ಯಾಮ್ಲ’, ಡಿಎನ್‌ಎಯ ಅಡೆನಿನ್, ಗ್ವಾನಿನ್‌ಗಳಿಗೂ ‘ಪ್ರತ್ಯಾಮ್ಲ’ ಅಂದರೆ ಓದುಗ ಯಾವುದನ್ನು ಅಂತ ಹಿಡಿಯಬೇಕು? ನನಗೇ ಒಂದು ಕಡೆ ಗೊಂದಲವಾಯಿತು.

ನಿಜವಾದ ತಕರಾರು ಬೇರೆ. ‘ಡಿಎನ್‌ಎಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ’ ಎಂಬ ಮಾತು ಏಳು ಸಲ ಬಂದಿದೆ, ಎಣಿಸಿದ್ದೇನೆ. ಹೇಗೆ ಎಂಬುದು ಒಮ್ಮೆಯೂ ಇಲ್ಲ. ಸಂಕೀರ್ಣದ ಚಪ್ಪಟೆ ಉಂಗುರಗಳು ಡಿಎನ್‌ಎಯ ಪ್ರತ್ಯಾಮ್ಲ ಜೋಡಿಗಳ ನಡುವೆ ನುಸುಳಬಹುದು. ಸುರುಳಿಯ ತೋಡಿನಲ್ಲಿ ಒರಗಿ ಕೂರಬಹುದು. ಧನ ಆವೇಶವಿದ್ದರೆ ಫಾಸ್ಫೇಟ್ ಬೆನ್ನೆಲುಬಿನ ಸೆಳೆತಕ್ಕೆ ಸಿಕ್ಕಿ ಸುಮ್ಮನೆ ಹೊರಗೇ ಸುಳಿದಾಡಬಹುದು. ನೀವು ಉದಾಹರಣೆ ಕೊಟ್ಟ ಕ್ಯಾನ್ಸರ್ ಔಷಧಿ ಸಿಸ್‌ಪ್ಲಾಟಿನ್ ಇದ್ಯಾವುದನ್ನೂ ಮಾಡುವುದಿಲ್ಲ. ಅದರ ಪ್ಲಾಟಿನಂ ನೇರವಾಗಿ ಗ್ವಾನಿನ್ನಿನ ಸಾರಜನಕಕ್ಕೇ ಬಂಧ ಹಾಕುತ್ತದೆ.

ನುಸುಳುತ್ತದೆ ಎನ್ನಲು ನೀವು ಕೊಟ್ಟಿರುವ ಸಾಕ್ಷಿ ಒಂದೇ: ಡಿಎನ್‌ಎ ಸೇರಿಸಿದಾಗ ಸಂಕೀರ್ಣದ ಬೆಳಕಿನ ಹೀರಿಕೆ ತಗ್ಗಿತು. ಅಷ್ಟು ಸಾಲದು. ಡಿಎನ್‌ಎ ಜೋಡಿಗಳ ನಡುವೆ ನುಸುಳಿ ಹೊಳೆಯುವ ಬಣ್ಣ ಎಥಿಡಿಯಂ ಬ್ರೋಮೈಡಿನ ಹೊಳಪು ಮಂಕಾಯಿತು ಅಂತ ಸೇರಿಸಿದರೂ ಅನುಮಾನ ಉಳಿಯುತ್ತದೆ, ಆ ಬಣ್ಣವನ್ನು ಡಿಎನ್‌ಎಯಿಂದ ಹೊರದಬ್ಬದೆಯೇ ನಿಮ್ಮ ಸಂಕೀರ್ಣದ ತಾಮ್ರ ಅದರ ಹೊಳಪನ್ನು ನುಂಗಿರಬಹುದು. ನಿಮ್ಮ ಟಿಪ್ಪಣಿಯಲ್ಲಿ ಅರ್ಧ ಸಾಲಲ್ಲಿ ಮುಗಿಸಿರುವ ಸ್ನಿಗ್ಧತೆಯ, ಅಂದರೆ ದ್ರಾವಣ ಎಷ್ಟು ಮಂದ ಎಂದು ಅಳೆಯುವ, ಪ್ರಯೋಗವನ್ನು ಬಿಡಿಸಿ ಬರೆಯಿರಿ. ಪಕ್ಕಪಕ್ಕದ ಜೋಡಿಗಳ ನಡುವಿನ ಅಂತರ 3.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ನಡುವೆ ಒಂದು ಅಣು ತೂರಬೇಕಾದರೆ ಆ ಅಂತರ ಹೆಚ್ಚುಕಮ್ಮಿ ಇಮ್ಮಡಿಯಾಗಬೇಕು, ಸುರುಳಿ ಅಷ್ಟು ಬಿಚ್ಚಿಕೊಳ್ಳಬೇಕು, ಎಳೆ ಉದ್ದವಾಗಬೇಕು. ಎಳೆ ಉದ್ದವಾದರೆ ದ್ರಾವಣ ಮಂದವಾಗುತ್ತದೆ, ಸಣ್ಣ ಗಾಜಿನ ಕೊಳವೆಯಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ತೋಡಿನಲ್ಲಿ ಒರಗಿದ್ದರೆ ಆ ಹೊತ್ತು ಅಷ್ಟೇನೂ ಬದಲಾಗದು. ಕಣ್ಣಿಗೆ ಕಾಣದ ಅಣು ಎಲ್ಲಿ ಕೂತಿದೆ ಎಂದು ಒಂದು ಸ್ಟಾಪ್‌ವಾಚ್ ಸುಳಿವು ಕೊಡುತ್ತದೆ! ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಮಹಿಮೆಯ ಮಾತೇಕೆ?

ಇನ್ನೊಂದು: ಹೊರಬಿದ್ದ ನೀರು ವಾಪಸು ಬಂದು ಆ ಜೋಡಿಬಂಧವನ್ನು ಮುರಿಯಬಲ್ಲದು. ನಿಮ್ಮ ಸಂಕೀರ್ಣ ಪ್ರಯೋಗದ ಬಫರಿನಲ್ಲಿ (ಆಮ್ಲತೆ ಏರುಪೇರಾಗದಂತೆ ಕಾಯುವ ನೀರಿನ ದ್ರಾವಣದಲ್ಲಿ) ಇಡಿಯಾಗಿ ಉಳಿದಿತ್ತೇ? ಒಂದು ವಾಕ್ಯ ಸಾಕು, ಆದರೆ ಬೇಕು.

‘ಕ್ಯಾನ್ಸರ್‌ಗೆ ರಾಮಬಾಣ’ ಎಂಬ ಕೊನೆಯ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ. ನೀವು ಬಳಸಿದ್ದು ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ, ದ್ರಾವಣದಲ್ಲಿ ಬರಿದಾಗಿ ತೇಲುವ ಡಿಎನ್‌ಎ. ಜೀವಕೋಶದೊಳಗೆ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡು, ಪೊರೆಗಳಾಚೆ ಇರುತ್ತದೆ.

ತಿದ್ದಿ ಕಳಿಸಿ, ಓದುತ್ತೇನೆ. ಹಾಂ, ಎರಡನೇ ಚಿತ್ರದಲ್ಲಿ ಸುರುಳಿ ಎಡಕ್ಕೆ ತಿರುಗಿದೆ. ಡಿಎನ್‌ಎಯ ಸಾಮಾನ್ಯ ರೂಪವಾದ ಬಿ-ಡಿಎನ್‌ಎ ಬಲಸುರುಳಿ, ಚಿತ್ರ ತಿರುವುಮುರುವಾಗಿದೆಯೋ ನೋಡಿ.

— ಸಂಪಾದಕ