ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎಸೆಯಬೇಕೇ?

ಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎಸೆಯಬೇಕೇ, ‘ಬಿಪಿಎ ಫ್ರೀ’ (ಬಿಪಿಎ ಎಂಬ ರಾಸಾಯನಿಕ ಇಲ್ಲ) ಎಂದು ಬರೆದಿದ್ದರೆ ಸಾಕೇ ಎಂದು ಕೇಳಿದ್ದೀರಿ. ಎಸೆಯಬೇಡಿ. ಹಾಗೆಂದು ಆ ಬರಹವನ್ನು ನಂಬಿ ಬಿಸಿ ಸಾರು ಸುರಿಯಲೂ ಬೇಡಿ.

ನನ್ನ ಅಡುಗೆಮನೆಯಲ್ಲಿ ರವೆ, ಅವಲಕ್ಕಿ, ತೊಗರಿಬೇಳೆ ಈಗಲೂ ಪ್ಲಾಸ್ಟಿಕ್ ಡಬ್ಬಿಗಳಲ್ಲೇ ಇವೆ. ತಣ್ಣಗಿನ ಒಣ ಪದಾರ್ಥಕ್ಕೆ ಪ್ಲಾಸ್ಟಿಕ್ಕಿನ ರಾಸಾಯನಿಕ ಇಳಿಯುವುದು ಬಹಳ ಕಡಿಮೆ. ಅದನ್ನು ಹೊರಗೆಳೆಯುವುದು ಬಿಸಿ, ಎಣ್ಣೆ ಮತ್ತು ಹುಳಿ. ಈ ಮೂರೂ ಒಟ್ಟಿಗಿರುವ ಪದಾರ್ಥ ಯಾವುದು? ನಮ್ಮ ಸಾಂಬಾರು! ಬೆಂಗಳೂರಿನ ಎಷ್ಟೋ ದರ್ಶಿನಿಗಳಲ್ಲಿ ಅದು ಹಬೆಯಾಡುತ್ತಲೇ ತೆಳು ಕವರಿಗೆ ಬಿದ್ದು, ಗಂಟು ಹಾಕಿಸಿಕೊಂಡು ಮನೆಗೆ ಬರುತ್ತದೆ. ಕವರು ಕೈಯಲ್ಲೇ ಮೆತ್ತಗಾಗಿರುತ್ತದೆ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದದ್ದು ತಪಾಸಣೆಯಲ್ಲಿ ಕಂಡುಬಂದು, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಮುಂದಾದದ್ದು ನಿಮಗೂ ನೆನಪಿರಬಹುದು.

ಮನೆಯಲ್ಲೇ ಸಾಕ್ಷಿ ಬೇಕೆಂದರೆ ಹಳದಿ ಕಲೆ ಬಿದ್ದ ಊಟದ ಡಬ್ಬಿಯನ್ನು ನೋಡಿ. ಎಷ್ಟು ಉಜ್ಜಿದರೂ ಹೋಗದ ಆ ಕಲೆ, ಎಣ್ಣೆಯ ಜೊತೆ ಅರಿಶಿನ ಪ್ಲಾಸ್ಟಿಕ್ಕಿನೊಳಕ್ಕೇ ಇಳಿದ ಗುರುತು. ಒಳಗಿನದು ಹೊರಬರುವುದೂ ಹೀಗೆಯೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಇನ್ನು ಬಿಪಿಎ. ಇದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ, ಪಾರದರ್ಶಕ ಪ್ಲಾಸ್ಟಿಕ್ಕಿನ ಮೂಲವಸ್ತು. ದೇಹದಲ್ಲಿ ಈಸ್ಟ್ರೊಜನ್ ಹಾರ್ಮೋನಿನಂತೆ ವರ್ತಿಸಬಲ್ಲದು. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಇದನ್ನು ನಿಷೇಧಿಸಿತು. ಆದರೆ ಇದರ ಬದಲಿಗೆ ಬಳಕೆಗೆ ಬಂದ ಬಿಪಿಎಸ್ ಎಂಬ ರಾಸಾಯನಿಕ ಕೂಡ ಹಾರ್ಮೋನುಗಳ ತಂಟೆಗೆ ಹೋಗುವಂಥದ್ದೇ. ಹಾಗಾಗಿ ‘ಬಿಪಿಎ ಫ್ರೀ’ ಎಂಬ ಬರಹ ನನಗೆ ಅರ್ಧ ಸಮಾಧಾನ ಮಾತ್ರ.

ಡಬ್ಬಿಯ ತಳದ ತ್ರಿಕೋನದೊಳಗಿನ, ಪ್ಲಾಸ್ಟಿಕ್ಕಿನ ಬಗೆ ಹೇಳುವ ಅಂಕಿ ನೋಡಿಕೊಳ್ಳಿ. 2 ಅಥವಾ 5 ಇದ್ದರೆ ಒಣ ಸಾಮಾನಿಗೆ ಇಟ್ಟುಕೊಳ್ಳಿ. 3 ಮತ್ತು 6 ಆಹಾರಕ್ಕೆ ಬೇಡ. 7 ಎಂದರೆ ‘ಇತರೆ’. ಪಾಲಿಕಾರ್ಬೊನೇಟ್ ಬರುವುದು ಈ ಗುಂಪಿನಲ್ಲಿ, ಆದರೆ 7 ಇದ್ದದ್ದೆಲ್ಲ ಅದೇ ಅಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ತರಿಸುವವರಾದರೆ, ಗೀರು ಬಿದ್ದು ಮಸುಕಾದದ್ದನ್ನೂ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತದ್ದನ್ನೂ ವಾಪಸು ಕಳಿಸಿ. ನಾನು ಕ್ಯಾನು ಬಂದ ಕೂಡಲೇ ನೀರನ್ನು ಸ್ಟೀಲ್ ಕೊಳಗಕ್ಕೆ ಸುರಿದುಬಿಡುತ್ತೇನೆ.

ಸಾಂಬಾರಿಗೆ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯುತ್ತೇನೆ. ಮೊದಲ ದಿನ ಕೌಂಟರಿನವರು ವಿಚಿತ್ರವಾಗಿ ನೋಡಿದರು. ಈಗ ಅವರೇ ಕೈ ಚಾಚಿ ಡಬ್ಬಿ ತೆಗೆದುಕೊಳ್ಳುತ್ತಾರೆ. ಕವರಿಗಿಂತ ಒಂದು ಸೌಟು ಹೆಚ್ಚೇ ಬೀಳುತ್ತದೆ.