ಮಳೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದಲ್ಲಿದ್ದೇನೆ. ಮೊದಲು ಸಿ ಕಲಿತೆವು, ಈಗ ಜಾವಾ. ಪ್ರೊಸೀಜರಲ್ ಹಳೆಯದು, ಆಬ್ಜೆಕ್ಟ್ ಓರಿಯೆಂಟೆಡ್ ಹೊಸದು ಅಂತ ಕೇಳಿದ್ದೆ. ಸೀನಿಯರ್ ಒಬ್ಬರು ಅದೂ ಹಳೆಯದಾಯ್ತು, ಫಂಕ್ಷನಲ್ ಕಲಿ ಅನ್ನುತ್ತಾರೆ. ನಮ್ಮ ಕಾಫಿ ತೋಟದ ಮಳೆ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆಯಬೇಕೆಂದಿದ್ದೇನೆ. ಯಾವ ಪ್ಯಾರಡೈಮ್ (ಪ್ರೋಗ್ರಾಂ ಬರೆಯುವ ದಾರಿ) ಹಿಡಿಯಲಿ?
– ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಮೊದಲು ಈ ಹಳೆಯದು, ಹೊಸದು ಅನ್ನುವುದನ್ನು ಬಿಟ್ಟುಬಿಡಿ. ಫಂಕ್ಷನಲ್ ದಾರಿಗೆ ಬುನಾದಿ ಹಾಕಿದ ಲಿಸ್ಪ್ ಭಾಷೆಯನ್ನು ಜಾನ್ ಮೆಕಾರ್ಥಿ ಶುರುಮಾಡಿದ್ದು 1958ರಲ್ಲಿ. ಪ್ರೊಸೀಜರಲ್ ಭಾಷೆ ಫೋರ್ಟ್ರಾನ್ ಬಂದು ಆಗಿನ್ನೂ ಒಂದೇ ವರ್ಷ. ಕ್ಲಾಸ್ (ಅಚ್ಚು), ಆಬ್ಜೆಕ್ಟ್ (ಆ ಅಚ್ಚಿನಿಂದ ಮಾಡಿದ್ದು) ಎರಡೂ ನಾರ್ವೆಯ ಸಿಮುಲಾ 67 ಭಾಷೆಯಲ್ಲೇ ಇದ್ದವು. ನೀವು ಮೊದಲು ಕಲಿತ ಸಿ ಹುಟ್ಟಿದ್ದು ಅದಾದ ಮೇಲೆ, 1970ರ ದಶಕದ ಆರಂಭದಲ್ಲಿ. ಸಿಲಬಸ್‌ನಲ್ಲಿ ಮುಂದೆ ನಿಂತಿದ್ದಕ್ಕೇ ಸಿ ಹಿರಿಯಣ್ಣ ಆಗಿಬಿಟ್ಟಿದೆ, ಅಷ್ಟೇ.

ಇನ್ನು ವ್ಯತ್ಯಾಸ. ನಿಮ್ಮ ಮಳೆ ಲೆಕ್ಕವನ್ನೇ ಹಿಡಿಯೋಣ. ಹೂಮಳೆಯ ನಾಲ್ಕು ದಿನ 40, 0, 125, 60 ಸೆಂಟ್ (ನೂರು ಸೆಂಟ್‌ಗೆ ಒಂದು ಇಂಚು) ಮಳೆ ಬಿತ್ತು ಅಂದುಕೊಳ್ಳಿ. ಒಟ್ಟು 225, ಅಂದರೆ ಎರಡೂಕಾಲು ಇಂಚು. ಮಾರನೇ ದಿನ ಅಪ್ಪ, 'ಮೂರನೇ ದಿನದ್ದು 125 ಅಲ್ಲಮ್ಮಾ, 135' ಅನ್ನುತ್ತಾರೆ. ಈಗ ಏನಾಗುತ್ತದೆ ನೋಡಿ.

ಸಿಯ ಪ್ರೊಸೀಜರಲ್ ದಾರಿಯಲ್ಲಿ ಸಾಮಾನ್ಯವಾಗಿ ದಿನಗಳಿಗೆ ಒಂದು ಅರೇ (ಸಂಖ್ಯೆಗಳ ಸಾಲು), ಮೊತ್ತಕ್ಕೆ ಬೇರೆ ವೇರಿಯಬಲ್ ಇಡುತ್ತೇವೆ. ಅರೇಯಲ್ಲಿ 135 ಮಾಡಿ, ಮೊತ್ತ ತಿದ್ದಲು ಮರೆತರೆ ಅದು 225ರಲ್ಲೇ ಕೂತಿರುತ್ತದೆ. ಅಂದರೆ ಲೆಕ್ಕದ ಪುಸ್ತಕ ಜಗಲಿಯ ಮೊಳೆಗೆ ನೇತಾಡುತ್ತಿದೆ, ಯಾರು ಬೇಕಾದರೂ ಗೀಚಬಹುದು. ಇಂಥದೇ ಒಂದು ಮೊತ್ತ ಎಲ್ಲಿ ಕೆಟ್ಟಿತು ಅಂತ ಹುಡುಕುತ್ತಾ ನಾನು ಎರಡು ರಾತ್ರಿ ಕಳೆದದ್ದುಂಟು.

ಆಬ್ಜೆಕ್ಟ್ ದಾರಿಯಲ್ಲಿ ಪುಸ್ತಕ ರೈಟರ್ ಕೈಯಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ಗೊತ್ತಲ್ವಾ? ಹಾಗೇ. ನೀವು ಪುಟ ಮುಟ್ಟುವ ಹಾಗಿಲ್ಲ. 'ಮೂರನೇ ದಿನ 135 ಮಾಡಿ' ಅಂತ ಹೇಳಬೇಕು. ಅವನು ದಿನವನ್ನೂ ಮೊತ್ತವನ್ನೂ ಒಟ್ಟಿಗೇ ತಿದ್ದುತ್ತಾನೆ. ಹೊರಗಿನ ಕೋಡ್ ಮುಟ್ಟದಂತೆ ತಡೆಯುವ ಜಾವಾದ 'ಪ್ರೈವೇಟ್' ಪದ ಇರುವುದು ಇದಕ್ಕೇ. ಪಾಠಗಳಲ್ಲಿ ಬರುವ ನಾಯಿ, ಬೆಕ್ಕು, ಪ್ರಾಣಿ ಕ್ಲಾಸುಗಳು ಇದನ್ನು ಮರೆಸಿಬಿಡುತ್ತವೆ ಅಂತ ನನಗೆ ಯಾವಾಗಲೂ ಅನ್ನಿಸಿದೆ.

ಫಂಕ್ಷನಲ್ ದಾರಿಯಲ್ಲಿ ಮೊತ್ತವನ್ನು ಬರೆದಿಡುವುದೇ ಇಲ್ಲ. ಬೇಕಾದಾಗ ಪಟ್ಟಿಯನ್ನು ಫಂಕ್ಷನ್‌ಗೆ ಕೊಟ್ಟು ಕೂಡಿಸುತ್ತೀರಿ. ಹಳೆ ಪಟ್ಟಿಯನ್ನೂ ಗೀಚುವುದಿಲ್ಲ, 135 ಇರುವ ಹೊಸ ಪಟ್ಟಿ ಮಾಡುತ್ತೀರಿ. ಮರೆಯಲು ಏನೂ ಉಳಿದಿಲ್ಲ! ಅದೇ ಪಟ್ಟಿ ಕೊಟ್ಟರೆ ಯಾವಾಗಲೂ ಅದೇ ಉತ್ತರ. ಆದರೆ ಎಲ್ಲೋ ಒಂದು ಕಡೆ ಫೈಲಿಗೆ ಬರೆಯಲೇಬೇಕಲ್ಲ, ಅಷ್ಟನ್ನು ಬೇರೆ ಇಡುತ್ತಾರೆ. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್ ಭಾಷೆ ಇನ್ನೊಂದು ಜಾತಿ. ಮಾರ್ಚ್ ತಿಂಗಳ ಮೊತ್ತ ಬೇಕು ಅನ್ನುತ್ತೀರಿ. ಹೇಗೆ ಹುಡುಕುವುದು ಎಂಬುದು ಡೇಟಾಬೇಸ್‌ನ ಪಾಡು.

ಇವು ಒಂದನ್ನೊಂದು ಓಡಿಸುವ ಶತ್ರುಗಳಲ್ಲ. ಜಾವಾ ಕ್ಲಾಸಿನ ಮೆಥಡ್ ಬಿಚ್ಚಿ ನೋಡಿ, ಒಳಗೆ ನಿಮ್ಮ ಸಿಯ ಫಾರ್ ಲೂಪೇ ಕೂತಿರುತ್ತದೆ. ಜಾವಾಕ್ಕೂ 2014ರಲ್ಲಿ, ಎಂಟನೇ ಆವೃತ್ತಿಯಲ್ಲಿ, ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬಂತು. ಆ ಹೆಸರು 1930ರ ದಶಕದ ಗಣಿತಜ್ಞ ಅಲೊಂಜೊ ಚರ್ಚ್ ಅವರ ಲ್ಯಾಂಬ್ಡಾ ಕ್ಯಾಲ್ಕುಲಸ್‌ನದು. ಚರ್ಚ್ ದಾರಿಯಲ್ಲಿ ಮಾಡಬಹುದಾದ ಲೆಕ್ಕವನ್ನೆಲ್ಲ ಅಲನ್ ಟ್ಯೂರಿಂಗ್ ಕಲ್ಪಿಸಿದ, ಹೆಜ್ಜೆ ಹೆಜ್ಜೆಗೂ ಗುರುತು ತಿದ್ದುತ್ತಾ ಹೋಗುವ ಯಂತ್ರವೂ ಮಾಡಬಲ್ಲದು, ಅದು ಮಾಡುವುದನ್ನು ಇದೂ ಮಾಡಬಲ್ಲದು. ಇದು ಆಗಲೇ ಸಾಬೀತಾಗಿದೆ. ಹಾಗಾಗಿ 'ಯಾವುದಕ್ಕೆ ಶಕ್ತಿ ಜಾಸ್ತಿ' ಅಂತ ಕೇಳಬೇಡಿ. 'ಈ ಕೆಲಸದಲ್ಲಿ ಏನು ಬದಲಾಗುತ್ತದೆ, ಅದನ್ನು ಯಾರು ಬದಲಾಯಿಸಬಹುದು' ಅಂತ ಕೇಳಿ.

ನಿಮಗೆ ಸದ್ಯಕ್ಕೆ ಪೈಥಾನ್ ಸಾಕು, ಅದರಲ್ಲಿ ಮೂರೂ ದಾರಿ ಇವೆ. ದಿನದ ಮಳೆ ಮಾತ್ರ ಬರೆದಿಡಿ, ಮೊತ್ತವನ್ನು ಪ್ರತಿ ಸಲ ಕೂಡಿಸಿ. ನೂರು ವರ್ಷದ ಲೆಕ್ಕವಾದರೂ ಮೂವತ್ತಾರು ಸಾವಿರ ಚಿಲ್ಲರೆ ಸಂಖ್ಯೆ, ಕಂಪ್ಯೂಟರ್‌ಗೆ ಭಾರವಲ್ಲ. ಮುಂದೆ ತೋಟದಲ್ಲಿ ಎರಡು ಮೂರು ಮಳೆಮಾಪಕ ಇಟ್ಟರೆ ಆಗ ಒಂದು ಕ್ಲಾಸ್ ಮಾಡಿಕೊಳ್ಳಿ. ಹಾಂ, ಮನೆಯಲ್ಲಿ ಯಾರೂ ಇಲ್ಲದೆ ಅಳೆಯದೇ ಬಿಟ್ಟ ದಿನಕ್ಕೆ ಸುಮ್ನೆ 0 ಹಾಕಬೇಡಿ, ಖಾಲಿ ಬಿಡಿ. ಮಳೆ ಬಾರದ ದಿನಕ್ಕೆ ಮಾತ್ರ 0.